ಗುರುವಾರ ಖಾಲಿ ಇದೆ

ನಮ್ಮ ಫ್ರೀಸ್‌ಲ್ಯಾಂಡಿನಲ್ಲಿ ಡೈರಿ ನೋಡದೆ ಯಾರೂ ಯಾರ ಮನೆ ಬಾಗಿಲನ್ನೂ ತಟ್ಟುವುದಿಲ್ಲ. ಹೆತ್ತ ಮಗ ಡೌವೆ ಕೂಡ ಮೂರು ವಾರ ಮುಂಚೆ ಫೋನು ಮಾಡಿ, ಹದಿನಾಲ್ಕನೇ ತಾರೀಖು ಭಾನುವಾರ ಹನ್ನೊಂದಕ್ಕೆ ಆಗುತ್ತದಾ ಎಂದು ಕೇಳಿಯೇ ಬರುವವನು. ನಾನು ಅವನಿಗಿಂತ ಒಂದು ಕೈ ಮೇಲು. ಕಪ್ಪು ರಟ್ಟಿನ ಡೈರಿ ಸದಾ ನನ್ನ ಕೈಚೀಲದಲ್ಲಿರುತ್ತದೆ. ಯಾರಾದರೂ ‘ಯಾವಾಗ’ ಎಂದು ಬಾಯಿ ತೆರೆಯುವುದರೊಳಗೆ ನನ್ನ ಹೆಬ್ಬೆರಳು ಆ ವಾರದ ಹಾಳೆಯ ಮೇಲೆ ಇರುತ್ತದೆ. ನನ್ನ ಗಂಡ ವೊಬ್ಬೆಗೆ ಇದೊಂದು ತಮಾಷೆ. ನನ್ನನ್ನು ತೋರಿಸಿ, ಈ ಹಿಸ್ಕೆಗೆ ಸಿಡಿಲು ಬಡಿಯಬೇಕಾದರೂ ಅದು ಮೊದಲು ಫೋನು ಮಾಡಿ ಬರಬೇಕು ಎಂದು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದ.

ಆ ಡೈರಿ ತೆರೆದು ನಾನು ಒಂದು ಸಲ ಒಂದು ಮಾತು ಆಡಿದೆ. ಆಡಿದ್ದು ನಾಲ್ಕೈದು ಪದ, ಅಷ್ಟೇ. ಅದನ್ನು ವಾಪಸು ನುಂಗಲು ಆಗುವುದಾದರೆ ಈ ಮನೆ, ಹಿತ್ತಲು, ಅಜ್ಜಿ ಕೊಟ್ಟ ಬೆಳ್ಳಿ ಚಮಚ, ಎಲ್ಲ ಬಿಟ್ಟುಕೊಟ್ಟೇನು.

ವೊಬ್ಬೆ ಕಾಲುವೆಯ ಸೇತುವೆ ಕಾಯುವವನಾಗಿದ್ದ. ದೋಣಿ ಬಂದರೆ ರಸ್ತೆಗೆ ಗೇಟು ಹಾಕಿ ಸೇತುವೆ ಎತ್ತುವುದು, ದಾಟಿದ ಮೇಲೆ ಇಳಿಸುವುದು. ನಲವತ್ತು ವರ್ಷ ಇದನ್ನೇ ಮಾಡಿದ. ಆ ಪುಟ್ಟ ಕಾವಲು ಕೋಣೆಯಲ್ಲಿ ಒಂದು ದಪ್ಪ ಪುಸ್ತಕ. ಮುಂದಿನ ಸೇತುವೆಯವನು ಫೋನು ಮಾಡಿ ಇಂಥ ದೋಣಿ ಬರುತ್ತಿದೆ ಅಂದರೆ ಅದರ ಹೆಸರನ್ನು ಪೆನ್ಸಿಲಿನಲ್ಲಿ ಬರೆಯಬೇಕು. ದೋಣಿ ದಾಟಿ ಹೋದ ಮೇಲೆ ಅದರ ಮೇಲೆ ಮಸಿಯಲ್ಲಿ ತಿದ್ದಬೇಕು. ಬಾರದೆ ಹೋದರೆ ಸಂಜೆ ರಬ್ಬರಿನಿಂದ ಒರೆಸಿ ಮನೆಗೆ ಬರಬೇಕು. ಒರೆಸದೆ ಬಿಟ್ಟ ಪೆನ್ಸಿಲ್ ಗುರುತು ಅವನ ಪುಸ್ತಕದಲ್ಲಿ ಒಂದೂ ಇರಲಿಲ್ಲ. ಆಮೇಲೆ ಸೇತುವೆಗೆ ಕ್ಯಾಮೆರಾ ಬಂತು, ಎಲ್ಲೋ ದೂರದ ಊರಿನಲ್ಲಿ ಕೂತವರು ಗುಂಡಿ ಒತ್ತಿ ಎತ್ತತೊಡಗಿದರು, ಇವನು ಮನೆಗೆ ಬಂದ. ಪೆನ್ಸಿಲ್ ಮಾತ್ರ ಕಿವಿಯಿಂದ ಇಳಿಯಲಿಲ್ಲ. ಅಂಗಡಿಗೆ ಹೋಗುವ ಚೀಟಿಯನ್ನೂ ಪೆನ್ಸಿಲಿನಲ್ಲಿ ಬರೆದು, ಸಾಮಾನು ತಂದ ಮೇಲೆ ಪೆನ್ನಿನಲ್ಲಿ ತಿದ್ದುತ್ತಿದ್ದ. ಅಂಥ ಗಂಡಸಿನ ಜತೆ ನಲವತ್ತಾರು ವರ್ಷ ಸಂಸಾರ ಮಾಡಿದೆ.

ಅವನ ಮೇದೋಜೀರಕದಲ್ಲಿ ಗಂಟು ಸಿಕ್ಕಿದ್ದು ವಸಂತದಲ್ಲಿ. ಸಿಕ್ಕುವ ಹೊತ್ತಿಗೆ ಅದು ಪಿತ್ತಕೋಶಕ್ಕೂ ಕೈ ಚಾಚಿತ್ತು. ಬೇಸಗೆ ದಾಟಬಹುದು, ಚಳಿಗಾಲ ಕಾಣುವುದು ಕಷ್ಟ ಅಂದರು. ಸೆಪ್ಟೆಂಬರಿನಲ್ಲಿ ಅವನು ನಮ್ಮ ಮನೆ ಡಾಕ್ಟರು ಪೊಸ್ತುಮಾ ಅವರನ್ನು ಕರೆಸಿ, ಸಾಕು, ಹೋಗಲು ಸಹಾಯ ಮಾಡಿ ಎಂದು ಕೇಳಿದ. ಗುಣವಾಗದ ನೋವಿನವರು ಕೇಳಿದರೆ ಡಾಕ್ಟರೇ ಸೂಜಿ ಕೊಟ್ಟು ಕಳಿಸಿಕೊಡಲು ನಮ್ಮಲ್ಲಿ ಕಾನೂನು ಇದೆ, ಹೊಸದಲ್ಲ. ನಮ್ಮ ಬೀದಿಯಲ್ಲೇ ಇಬ್ಬರು ಹಾಗೆ ಹೋದವರಿದ್ದಾರೆ. ಅಂಥ ಹೊತ್ತು ಬಂದರೆ ತನಗೂ ಹಾಗೆಯೇ ಎಂದು ಅವನು ಸಹಿ ಹಾಕಿದ ಕಾಗದವೂ ಹತ್ತು ವರ್ಷದಿಂದ ಅಲಮಾರಿನ ಎರಡನೇ ಖಾನೆಯಲ್ಲಿ ಇತ್ತು. ನಿಯಮದ ಪ್ರಕಾರ ಬೇರೆ ಊರಿಂದ ಇನ್ನೊಬ್ಬ ಡಾಕ್ಟರು ಬಂದರು, ನನ್ನನ್ನು ಅಡಿಗೆಮನೆಗೆ ಕಳಿಸಿ ಬಾಗಿಲು ಹಾಕಿಕೊಂಡು ಅವನ ಜತೆ ಒಂದು ಗಂಟೆ ಮಾತಾಡಿದರು. ಹೊರಗೆ ಬಂದು ನನ್ನ ಕೈ ಕುಲುಕಿ, ನಿಮ್ಮ ಗಂಡನಿಗೆ ತನಗೆ ಬೇಕಾದ್ದು ಏನೆಂದು ಚೆನ್ನಾಗಿ ಗೊತ್ತಿದೆ ಅಂದರು. ನನಗೆ ಬೇಕಾದ್ದು ಏನೆಂದು ಅವರು ಕೇಳಲಿಲ್ಲ. ಕೇಳುವುದು ಅವರ ಕೆಲಸವೂ ಅಲ್ಲ.

ನಾನು ಅವನ ನೋವನ್ನು ಕಂಡಿದ್ದೇನೆ, ಆದ್ದರಿಂದ ಅವನು ಕೇಳಿದ್ದು ತಪ್ಪು ಎಂದು ಇವತ್ತಿಗೂ ಹೇಳಲಾರೆ. ಟವೆಲನ್ನು ಬಾಯಿಗೆ ತುರುಕಿಕೊಂಡು ಗೋಡೆ ಕಡೆ ತಿರುಗಿ ಮಲಗುತ್ತಿದ್ದ. ಬಟಾಣಿ ಸೂಪು ಅಂದರೆ ಪ್ರಾಣ ಬಿಡುತ್ತಿದ್ದವನು ಅದರ ವಾಸನೆಗೆ ವಾಕರಿಸುತ್ತಿದ್ದ. ಮಾರ್ಫಿನ್ ಪಟ್ಟಿ ಹಚ್ಚಿದ ಮೇಲೆ ಬೆಳಿಗ್ಗೆ ಎರಡು ಗಂಟೆಯಷ್ಟು ಹೊತ್ತು ಹಳೆಯ ವೊಬ್ಬೆ ಆಗಿರುತ್ತಿದ್ದ. ಆ ಎರಡು ಗಂಟೆಗೋಸ್ಕರ ನಾನು ಬದುಕುತ್ತಿದ್ದೆ.

ಅಕ್ಟೋಬರ್ ಹದಿನೆಂಟು, ಭಾನುವಾರ. ಅವನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ಗೋಡೆ ಹಿಡಿದುಕೊಂಡು ಟಾಯ್ಲೆಟ್ಟಿಗೆ ಹೋದ. ಅಲ್ಲಿ ಏನು ಬರೆಯೋಕೆ ಹೊರಟೆ, ಪದಬಂಧವಾ ಎಂದು ರೇಗಿಸಿದೆ. ಅವನು ಬಾಗಿಲು ಹಾಕಿಕೊಂಡ.

ಮಂಗಳವಾರ ಡಾಕ್ಟರು ಪೊಸ್ತುಮಾ ಬಂದರು. ಕಾಫಿ ಕೊಟ್ಟೆ, ನಮ್ಮ ಪದ್ಧತಿಯಂತೆ ಒಂದೇ ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚಿಟ್ಟೆ. ಕಾಗದಪತ್ರ ಎಲ್ಲ ಸರಿಯಾಗಿದೆ, ಅವಸರ ಏನೇನೂ ಇಲ್ಲ, ಬೇಡ ಅನ್ನಿಸಿದರೆ ಕೊನೇ ಗಳಿಗೆಯಲ್ಲೂ ಬೇಡ ಅನ್ನಬಹುದು ಎಂದು ಅವರು ನಿಧಾನವಾಗಿ ಹೇಳಿದರು. ಆಮೇಲೆ ಕೇಳಿದರು:

“ಯಾವ ದಿನ ಅಂತ ಏನಾದ್ರೂ ಯೋಚನೆ ಮಾಡಿದೀರಾ?”

ಕೇಳಿದ್ದು ಅವನನ್ನು. ಅವನು ನನ್ನ ಮುಖ ನೋಡಿದ, ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ನನ್ನ ಹಾಳು ಕೈ ಕೈಚೀಲಕ್ಕೆ ಹೋಗಿ ಆಗಿತ್ತು.

“ಬರೋ ವಾರ ಗುರುವಾರ ಖಾಲಿ ಇದೆ,” ಅಂದೆ. “ಎರಡೂವರೆಗೆ.”

ಚಿಮಣಿ ಗುಡಿಸುವವನಿಗೆ ಹೇಳುವ ಹಾಗೆ ಹೇಳಿದೆ. ಹೇಳಿದ ಮೇಲೆ ಏನು ಹೇಳಿದೆ ಎಂದು ಗೊತ್ತಾಯಿತು. ನಾಲಿಗೆ ಕಚ್ಚಿಕೊಂಡೆ. ವೊಬ್ಬೆ ತೆರೆದ ಬಾಯಿ ಮುಚ್ಚಿದ. ಕಿಟಕಿ ಕಡೆ ಒಂದು ಸಲ ನೋಡಿ, “ಹಂಗಾದ್ರೆ ಗುರುವಾರ,” ಅಂದ. ಡಾಕ್ಟರು ತಮ್ಮ ಡೈರಿಯಲ್ಲಿ ಬರೆದುಕೊಂಡರು. ನಾನೂ ನನ್ನದರಲ್ಲಿ ಬರೆದೆ. ಪೆನ್ನಿನಲ್ಲೇ ಬರೆದೆ.

ಯಾಕೆ ಹಾಗೆ ಹೇಳಿದೆ? ಆಮೇಲೆ ಲೆಕ್ಕವಿಲ್ಲದಷ್ಟು ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಮೊದಲನೆಯದು, ಹಾಳು ಅಭ್ಯಾಸ. ಇನ್ನೊಂದು, ಅದರ ಮುಂದಿನ ವಾರದಲ್ಲಿ, ನವೆಂಬರ್ ನಾಲ್ಕನೇ ತಾರೀಖು, ನನ್ನ ಹುಟ್ಟುಹಬ್ಬ, ಎಪ್ಪತ್ತು ತುಂಬುವುದಿತ್ತು. ಹುಟ್ಟುಹಬ್ಬ ಒಂದಕ್ಕೆ ಮಾತ್ರ ನಮ್ಮಲ್ಲಿ ಕರೆಯದೆಯೇ ಬರುತ್ತಾರೆ. ಸುತ್ತಲೂ ಕುರ್ಚಿ ಹಾಕಿ ಕೂರುತ್ತಾರೆ, ಹುಟ್ಟಿದವರಿಗೆ ಮಾತ್ರವಲ್ಲ, ಗಂಡನಿಗೆ, ಮಗನಿಗೆ, ನಾದಿನಿಗೆ, ಎಲ್ಲರಿಗೂ ಒಬ್ಬೊಬ್ಬರಾಗಿ ಕೈ ಕುಲುಕಿ ಶುಭಾಶಯ ಹೇಳುತ್ತಾರೆ. ಆ ನೋವಿನಲ್ಲಿ ಅವನು ಅಷ್ಟೂ ಜನಕ್ಕೆ ಹಲ್ಲು ಕಿರಿಯುತ್ತ ಕೂರಬೇಕಲ್ಲ ಅನ್ನಿಸಿತು. ಮೂರನೆಯದನ್ನು ಈಗಲೇ ಹೇಳಿಬಿಡುತ್ತೇನೆ. ಕಾಯುವುದು ಮುಗಿದರೆ ಸಾಕು ಅನ್ನಿಸಿತ್ತು ನನಗೆ. ಅವನು ಹೋಗಲಿ ಎಂದಲ್ಲ. ಹೋಗುತ್ತಾನೆ ಎಂದು ಗೊತ್ತಿದ್ದೂ ಅವನಿಗೆ ದಿಂಬು ಸರಿಮಾಡುವುದು ಇದೆಯಲ್ಲ, ಅದು ಮುಗಿದರೆ ಸಾಕು ಅನ್ನಿಸಿತ್ತು.

ಒಂಬತ್ತು ದಿನ ಇತ್ತು. ಪ್ರೀತಿಯ ಮಾತಾಡಬಹುದಿತ್ತು. ನಾವು ಮನೆ ಬೆಚ್ಚಗಿಡುವ ಬಾಯ್ಲರ್ ಬಗ್ಗೆ ಮಾತಾಡಿದೆವು. ಬಿಸಿನೀರಿನ ಕೊಳವೆಯಲ್ಲಿ ಗಾಳಿ ತುಂಬಿದರೆ ಎಲ್ಲಿ ತಿರುಗಿಸಬೇಕು, ಹಿತ್ತಲ ಬಾಗಿಲ ಬೀಗಕ್ಕೆ ಎಣ್ಣೆ ಯಾವಾಗ ಬಿಡಬೇಕು, ಯಾವ ಕೀಲಿ ಯಾವುದರದು. ಅವನು ಕೀಲಿಗೊಂದು ಚೀಟಿ ಕಟ್ಟಿದ. ನನ್ನ ಸೈಕಲ್ಲಿನ ಸರಪಳಿ ಬದಲಿಸಲು ಆಗದೆ ಡೌವೆಗೆ ಹೇಳಿ ಮಾಡಿಸಿದ, ಅವನು ಮಾಡುವಾಗ ಪಕ್ಕದಲ್ಲಿ ಕಂಬಳಿ ಹೊದ್ದು ಕೂತು ಹತ್ತು ತಪ್ಪು ತೆಗೆದ. ಒಂದು ದಿನವೂ ಹಿಸ್ಕೆ, ನಿನ್ನನ್ನು ಬಿಟ್ಟು ಹೋಗಲು ನನಗೆ ಆಗುತ್ತಿಲ್ಲ ಎಂದು ಅನ್ನಲಿಲ್ಲ. ನಾನೂ ಹೋಗಬೇಡ ಅನ್ನಲಿಲ್ಲ. ನೋವಿನಲ್ಲಿ ಬೇಯುತ್ತಿರುವವನ ಕಾಲು ಹಿಡಿದು ಎಳೆಯುವುದು ಯಾವ ಸೀಮೆಯ ಪ್ರೀತಿ ಎಂದು ಸುಮ್ಮನಿದ್ದೆ.

ಆ ಗುರುವಾರ, ಇಪ್ಪತ್ತೊಂಬತ್ತು. ಬೆಳಿಗ್ಗೆ ಅವನು ಒಬ್ಬನೇ ಟಾಯ್ಲೆಟ್ಟಿಗೆ ಹೋಗಿ ಬಂದ. ಆಮೇಲೆ ನಾನು ಹೋದೆ. ಅಲ್ಲಿ ಬಾಗಿಲ ಒಳಗೆ ನಮ್ಮ ಹುಟ್ಟುಹಬ್ಬದ ಕ್ಯಾಲೆಂಡರ್ ತೂಗುತ್ತದೆ. ಎಲ್ಲರ ಮನೆಯಲ್ಲೂ ಅದರ ಜಾಗ ಅಲ್ಲೇ, ಕೂತಾಗ ಕಣ್ಣಿಗೆ ಬೀಳಲಿ ಎಂದು. ಅದರಲ್ಲಿ ಸೋಮವಾರ ಮಂಗಳವಾರ ಇರುವುದಿಲ್ಲ, ತಾರೀಖು ಮಾತ್ರ. ಹಾಗಾಗಿ ಒಂದೇ ಕ್ಯಾಲೆಂಡರ್ ಮೂವತ್ತು ವರ್ಷ ಬರುತ್ತದೆ. ಹುಟ್ಟಿದವರ ಹೆಸರು ಅವರ ತಾರೀಖಿನ ಮುಂದೆ, ಸತ್ತವರಿಗೆ ಒಂದು ಪುಟ್ಟ ಶಿಲುಬೆ. ಅಕ್ಟೋಬರ್ ಹಾಳೆಯಲ್ಲಿ ಇಪ್ಪತ್ತೊಂಬತ್ತರ ಮುಂದೆ ಅವನ ಕೈಬರಹ. ‘ವೊಬ್ಬೆ’, ಪಕ್ಕದಲ್ಲಿ ಶಿಲುಬೆ. ಮಸಿ ಇನ್ನೂ ಹೊಳೆಯುತ್ತಿತ್ತು. ದೋಣಿ ದಾಟುವ ಮೊದಲೇ ಅವನು ಮಸಿಯಲ್ಲಿ ಬರೆದದ್ದು ಅದೊಂದೇ ಸಲ ಇರಬೇಕು. ನಲ್ಲಿ ಬಿಟ್ಟುಕೊಂಡು ಅತ್ತೆ, ಮುಖ ತೊಳೆದು ಹೊರಗೆ ಬಂದೆ.

ಹನ್ನೊಂದಕ್ಕೆ ಡೌವೆ ಬಂದ. ವೊಬ್ಬೆಯ ಅಕ್ಕ ಫ್ರೌಕ್ಯೆ ಗುಲಾಬಿ ಸಕ್ಕರೆ ಬಳಿದ ಕಿತ್ತಳೆ ಕೇಕು ತಂದಳು. ಸಾವಿನ ಮನೆಗೆ ಕೇಕಾ ಎಂದು ನಾನು ಕಣ್ಣು ಬಿಟ್ಟರೆ, ಸಾವು ಎರಡೂವರೆಗೆ, ಈಗ ಕಾಫಿ ಹೊತ್ತು ಅಂದಳು. ಅವಳು ಹಾಗೆಯೇ. ಎಲ್ಲದರಲ್ಲೂ ಮೂಗು ತೂರಿಸುವವಳು, ಎದೆ ಮಾತ್ರ ಬೆಣ್ಣೆ. ಕಿಟಕಿ ಹತ್ತಿರ ವೊಬ್ಬೆಯ ಮಂಚ, ಅದರ ಸುತ್ತ ಕುರ್ಚಿ ಹಾಕಿ ಕೂತೆವು.

ಆಗ ಬಂದ ನೋಡಿ, ಪಕ್ಕದ ಮನೆ ಮೈಂಡರ್ಟ್. ಎಂಬತ್ತೇಳು ವಯಸ್ಸು, ಕಿವಿ ಮಂದ. ಬಾಗಿಲಲ್ಲಿ ಸೈಕಲ್ಲು, ಒಳಗೆ ಸುತ್ತಲೂ ಕುರ್ಚಿ, ಎಲ್ಲರ ಕೈಯಲ್ಲಿ ಕೇಕು. ನಮ್ಮ ಕಡೆಯ ಯಾರು ನೋಡಿದರೂ ಹುಟ್ಟುಹಬ್ಬ ಎಂದೇ ಅಂದುಕೊಳ್ಳುತ್ತಾರೆ. ಟೋಪಿ ತೆಗೆದು ನನ್ನ ಕೈ ಕುಲುಕಿ ಶುಭಾಶಯ ಅಂದ. ನಿನ್ನ ಅಮ್ಮನಿಗೋಸ್ಕರ ಶುಭಾಶಯ ಎಂದು ಡೌವೆಯ ಕೈ ಕುಲುಕಿದ, ನಿನ್ನ ನಾದಿನಿಗೋಸ್ಕರ ಎಂದು ಫ್ರೌಕ್ಯೆಯದನ್ನು. ಕೊನೆಗೆ ಮಂಚದ ಹತ್ತಿರ ಹೋಗಿ ವೊಬ್ಬೆಯ ಮೂಳೆಗೈಯನ್ನು ಎರಡೂ ಕೈಯಲ್ಲಿ ಹಿಡಿದು, ನಿನ್ನ ಹೆಂಡತಿಗೋಸ್ಕರ ಶುಭಾಶಯ ಕಣಯ್ಯ, ಎಪ್ಪತ್ತಾಯ್ತಲ್ಲ ಅಂದ. ಡೌವೆ ಮುಖ ಬಿಳಿಚಿಕೊಂಡು ಎದ್ದು ನಿಂತ. ವೊಬ್ಬೆ ಕೈ ಸನ್ನೆ ಮಾಡಿ ಅವನನ್ನು ಕೂರಿಸಿದ.

“ಇನ್ನೂ ಆರು ದಿನ ಇದೆ, ಮೈಂಡರ್ಟ್,” ಅಂದ. “ನೀನು ಬೇಗ ಬಂದ್ಬಿಟ್ಟೆ.”

ಹೇಳಿದ್ದು ಮೈಂಡರ್ಟಿಗೆ, ನೋಡಿದ್ದು ನನ್ನನ್ನು. ಆ ನೋಟ ನನಗೆ ಅರ್ಥವಾಗಲಿಲ್ಲ. ಹುಟ್ಟುಹಬ್ಬದ ದಿನ ಇರದೆ ತಪ್ಪಿಸಿಕೊಳ್ಳುತ್ತಿದ್ದೇನೆ ಎಂಬ ತಮಾಷೆ ಅಂದುಕೊಂಡೆ. ಮೈಂಡರ್ಟ್ ನಕ್ಕು, ಒಂದು ತುಂಡು ಕೇಕು ತಿಂದು, ಮುಂದಿನ ವಾರ ಮತ್ತೆ ಬರುತ್ತೇನೆ ಎಂದು ಹೋದ. ಪಾಪ, ಸಂಜೆ ಗೊತ್ತಾದ ಮೇಲೆ ಅವನು ಎರಡು ದಿನ ಮನೆಯಿಂದ ಹೊರಗೆ ಬರಲಿಲ್ಲವಂತೆ.

ಎರಡೂವರೆಗೆ ಡಾಕ್ಟರು ಬರಲಿಲ್ಲ. ಸೇತುವೆ ಎತ್ತಿದ್ದರಂತೆ, ಆಚೆ ದಡದಲ್ಲಿ ಕಾರು ನಿಂತಿತ್ತಂತೆ. ನಾಲ್ಕು ನಿಮಿಷ ತಡ. ಡೌವೆ ಮತ್ತು ಫ್ರೌಕ್ಯೆ ಬಾಗಿಲಿಗೆ ಹೋಗಿ ರಸ್ತೆ ನೋಡುತ್ತ ನಿಂತರು. ಕೋಣೆಯಲ್ಲಿ ನಾವಿಬ್ಬರೇ. ಅವನು ನನ್ನ ಹೆಬ್ಬೆರಳನ್ನು ಹಿಡಿದುಕೊಂಡ, ಸಿನಿಮಾ ಮಂದಿರದಲ್ಲಿ ಮೊದಲ ಸಲ ಹಿಡಿದಂತೆ, ಹೆಬ್ಬೆರಳು ಮಾತ್ರ. ಹೊರಗೆ ಕಾಲುವೆಯ ಮೇಲೆ ಬಾತುಕೋಳಿಗಳು ಜಗಳವಾಡುತ್ತಿದ್ದವು. ಇನ್ನೊಂದು ವಾರ ಇರು ಎಂಬ ಮಾತು ನನ್ನ ಗಂಟಲಿನವರೆಗೆ ಬಂದಿತ್ತು. ಅವನ ಮುಖದಲ್ಲೂ ಏನೋ ಬಂದು ನಿಂತಿತ್ತು. ಯಾರು ಮೊದಲು ಎಂದು ಇಬ್ಬರೂ ಕಾದೆವೋ ಏನೋ. ಡಾಕ್ಟರು ಬಂದುಬಿಟ್ಟರು.

“ನಲವತ್ತು ವರ್ಷದಲ್ಲಿ ನಾನು ಯಾರನ್ನೂ ಇಷ್ಟು ಹೊತ್ತು ಕಾಯಿಸಿಲ್ಲ, ಡಾಕ್ಟ್ರೇ,” ಅಂದ ವೊಬ್ಬೆ.

ಅವರು ಮಂಚದ ಅಂಚಿನಲ್ಲಿ ಕೂತು, ಇದು ನಿಮಗೆ ಖಂಡಿತವಾಗಿಯೂ ಬೇಕೇ ಎಂದು ಕೊನೆಯ ಸಲ ಕೇಳಿದರು. ಅವನು ಹೂಂ ಅಂದ. ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ. ಆ ಹೂಂ ನನ್ನ ಎದೆಯಲ್ಲಿ ಮೊಳೆ ಹೊಡೆದಂತೆ ಕೂತಿದೆ. ಮೊದಲ ಸೂಜಿಗೇ ನಿದ್ದೆ ಹೋದ. ನನ್ನ ಹೆಬ್ಬೆರಳಿನ ಸುತ್ತ ಅವನ ಬೆರಳುಗಳು ಸಡಿಲವಾದದ್ದು ನನಗೆ ಗೊತ್ತಾಯಿತು.

ಆಮೇಲೆ ಬಂದವರೆಲ್ಲ ಒಂದೇ ರಾಗ. ಎಷ್ಟು ಚೆನ್ನಾಗಿ ಹೋದರು, ಎಲ್ಲರೂ ಜತೆಗಿದ್ದಿರಿ, ಮಾತಾಡಿ ಬೀಳ್ಕೊಟ್ಟಿರಿ, ಎಷ್ಟು ಜನಕ್ಕೆ ಈ ಭಾಗ್ಯ ಸಿಗುತ್ತದೆ ಎಂದು. ನಮ್ಮ ಓಣಿಯ ಒಬ್ಬಳ ಗಂಡ ಮೆಟ್ಟಿಲ ಮೇಲೆ ಕುಸಿದು ಸತ್ತಿದ್ದ. ನೀನು ಪುಣ್ಯವಂತೆ ಎಂದು ಅವಳು ನನ್ನ ಕೈ ಹಿಡಿದು ಹೇಳಿದಳು. ಅವಳಿಗೆ ದೇವರನ್ನು ಬೈಯಲು ಬರುತ್ತಿತ್ತು. ನಾನು ಯಾರನ್ನು ಬೈಯಲಿ? ಗಂಟೆ ಗೊತ್ತು ಮಾಡಿದವಳು ನಾನೇ.

ಆರು ವಾರದ ಮೇಲೆ ಡಾಕ್ಟರು ಪೊಸ್ತುಮಾ ಹೇಗಿದ್ದೀರಿ ಎಂದು ನೋಡಲು ಬಂದರು. ಒಳ್ಳೆಯ ಹೆಂಗಸು, ಸುಮ್ಮನೆ ಬಾಯಿಮಾತಿಗೆ ಬರುವವರಲ್ಲ. ನಾನು ಧೈರ್ಯ ಮಾಡಿ ಕೇಳಿದೆ:

“ನಾನು ಒಂದು ವಾರ ಮುಂದಕ್ಕೆ ಹೇಳಿದ್ರೆ?”

“ಅವರು ಸಿದ್ಧರಾಗಿದ್ರು, ಹಿಸ್ಕೆ ಅವರೇ,” ಅಂದರು.

ಸಮಾಧಾನ ಆಗಲಿ ಎಂದೇ ಹೇಳಿದ್ದು. ನನಗೆ ಆಗಲಿಲ್ಲ. ಸಿದ್ಧನಾಗಿದ್ದ. ಕೋಟು ಹಾಕಿ, ಗುಂಡಿ ಹಾಕಿ, ನನ್ನನ್ನು ಬಿಟ್ಟು ಹೋಗಲು ಸಿದ್ಧನಾಗಿದ್ದ. ನನ್ನ ಜತೆ ಇನ್ನೊಂದು ಬೆಳಗಿನ ಕಾಫಿಯ ಆಸೆಯೂ ಅವನಿಗೆ ಇರಲಿಲ್ಲವೇ? ನೋವು ಅವನನ್ನು ಎಳೆದುಕೊಂಡು ಹೋಯಿತು ಅಂದರೆ ತಡೆದುಕೊಂಡೇನು. ತಾನೇ ಎದ್ದು ಹೋದ ಅಂದರೆ ತಡೆಯಲಾರೆ. ಬದುಕಿದ್ದಾಗ ಒಂದು ದಿನ ಹೊಟ್ಟೆಕಿಚ್ಚು ಪಡದವಳು ನಾನು, ಸಾವಿನ ಮೇಲೆ ಸವತಿಯ ಹಾಗೆ ಹೊಟ್ಟೆಕಿಚ್ಚು ಪಟ್ಟೆ.

ಅವನು ಬೇಕು ನನಗೆ. ಎಪ್ಪತ್ತು ದಾಟಿದ ಹೆಂಗಸು ಹೀಗೆ ಹೇಳಬಾರದೇನೋ, ಆದರೆ ಇದ್ದದ್ದನ್ನು ಇದ್ದಂತೆ ಹೇಳುತ್ತಿದ್ದೇನೆ. ಕೊಳವೆಯಲ್ಲಿ ಗಾಳಿ ತುಂಬಿ ಟಕಟಕ ಅಂದರೆ ಅವನು ಹೇಳಿಕೊಟ್ಟ ಹಾಗೆ ತಿರುಗಿಸುವುದಿಲ್ಲ, ಸದ್ದು ಮಾಡಲಿ ಎಂದು ಬಿಡುತ್ತೇನೆ. ಮನೆಯಲ್ಲಿ ಯಾರೋ ರಿಪೇರಿ ಮಾಡುತ್ತಿದ್ದಾರೆ ಅನ್ನಿಸುತ್ತದೆ. ಮಧ್ಯಾಹ್ನ ಎರಡು ಮೂವತ್ತಕ್ಕೂ ಎರಡು ಮೂವತ್ತನಾಲ್ಕಕ್ಕೂ ನಡುವೆ ನಾನು ಏನೂ ಕೆಲಸ ಮಾಡುವುದಿಲ್ಲ. ಡಾಕ್ಟರು ತಡವಾದ ಆ ನಾಲ್ಕು ನಿಮಿಷ ನನ್ನವು. ಹೆಬ್ಬೆರಳು ಹಿಡಿದುಕೊಂಡು ಕೂರುತ್ತೇನೆ.

ಟಾಯ್ಲೆಟ್ಟಿನ ಕ್ಯಾಲೆಂಡರನ್ನು ಅಕ್ಟೋಬರಿನಿಂದ ಮುಂದೆ ಮಗುಚಲೇ ಇಲ್ಲ. ಅವನ ಕೊನೆಯ ಕೈಬರಹ ಆ ಹಾಳೆಯಲ್ಲಿತ್ತು. ಮುಂದಿನ ಹಾಳೆಯಲ್ಲಿ ಇದ್ದದ್ದು ಅವನಿಲ್ಲದ ನನ್ನ ಹುಟ್ಟುಹಬ್ಬ, ಅದನ್ನು ಯಾವ ಸಂಭ್ರಮಕ್ಕೆ ನೋಡಲಿ? ಹಾಗಾಗಿ ನಮ್ಮ ಮನೆಯಲ್ಲಿ ಒಂದು ವರ್ಷ ಅಕ್ಟೋಬರೇ ಇತ್ತು. ಅದರ ಫಲ ಏನಾಯಿತು ಅಂದರೆ, ಡಿಸೆಂಬರಿನಲ್ಲಿ ಮೊಮ್ಮಗಳ ಹುಟ್ಟುಹಬ್ಬ ಮರೆತೆ, ಫೆಬ್ರವರಿಯಲ್ಲಿ ಫ್ರೌಕ್ಯೆಯದು, ಮೇ ತಿಂಗಳಲ್ಲಿ ಡೌವೆಯದೇ ಮರೆತೆ. ನಮ್ಮಲ್ಲಿ ಸಾಲ ಮರೆತರೂ ಕ್ಷಮಿಸಿಯಾರು, ಹುಟ್ಟುಹಬ್ಬ ಮರೆತರೆ ಇಲ್ಲ. ಫ್ರೌಕ್ಯೆ ಮುಖ ಊದಿಸಿಕೊಂಡು ಎರಡು ತಿಂಗಳು ಫೋನು ಮಾಡಲಿಲ್ಲ.

ಮುಂದಿನ ನವೆಂಬರ್ ನಾಲ್ಕರಂದು ಬಾಗಿಲ ಗಂಟೆ ಹೊಡೆಯಿತು. ಈ ವರ್ಷ ಯಾರೂ ಬರಬೇಡಿ ಎಂದು ಎಲ್ಲರಿಗೂ ಮೊದಲೇ ಹೇಳಿದ್ದೆ. ನೋಡಿದರೆ ಫ್ರೌಕ್ಯೆ, ಕೈಯಲ್ಲಿ ಅದೇ ಗುಲಾಬಿ ಕೇಕು.

“ನೀನು ನನ್ನ ಹುಟ್ಟುಹಬ್ಬ ಮರೆತೆ ಅಂತ ನಾನೂ ನಿಂದು ಮರೀಬೇಕಾ?” ಅಂದಳು. “ಆಚೆ ಸರಿ, ಒಳಗೆ ಬಿಡು. ಚಳಿ.”

ಒಳಗೆ ಬಂದು ಕೋಟು ನೇತುಹಾಕಿ, ಕೆನ್ನೆಗೆ ಮೂರು ಮುತ್ತು ಕೊಟ್ಟು, ನೇರ ಟಾಯ್ಲೆಟ್ಟಿಗೆ ಹೋದಳು. ಸೈಕಲ್ಲಿನಲ್ಲಿ ಒಂಬತ್ತು ಕಿಲೋಮೀಟರ್ ಬಂದಿದ್ದಳು. ನಾನು ಕಾಫಿಗೆ ನೀರಿಟ್ಟೆ. ಹಾಳೆ ಮಗುಚಿದ ಸದ್ದು ಕೇಳಿಸಿತು. ಯಾರ ಮನೆಯಲ್ಲೇ ಆಗಲಿ ಕ್ಯಾಲೆಂಡರ್ ಹಿಂದೆ ಬಿದ್ದಿದ್ದರೆ ಮಗುಚದೆ ಹೊರಗೆ ಬರುವವಳಲ್ಲ ಅವಳು. ಬೇಡ ಎಂದು ಕೂಗಬೇಕೆಂದುಕೊಂಡೆ, ತಡವಾಗಿತ್ತು.

ಬಹಳ ಹೊತ್ತು ಅವಳು ಹೊರಗೆ ಬರಲಿಲ್ಲ. ಬಂದಾಗ ಅವಳ ಕಣ್ಣು ಕೆಂಪಾಗಿತ್ತು.

“ಹಿಸ್ಕೆ, ಇದನ್ನ ನೀನು ನೋಡಿದೀಯಾ?” ಎಂದು ಕೇಳಿದಳು. “ಹೋಗು. ಹೋಗಿ ನೋಡು.”

ಹೋದೆ. ನವೆಂಬರ್ ಹಾಳೆ. ನಾಲ್ಕರ ಮುಂದೆ ನನ್ನ ಹೆಸರು, ಹಳೆಯ ಮಸಿಯಲ್ಲಿ, ಮಾಸಿ ಕಂದಾಗಿತ್ತು. ಅದರ ಕೆಳಗಿನ ಸಾಲು ಐದು. ಅಲ್ಲಿ ಪೆನ್ಸಿಲಿನಲ್ಲಿ, ನಡುಗುವ ಕೈಯಲ್ಲಿ, ಸೇತುವೆಯ ಪುಸ್ತಕದಲ್ಲಿ ದೋಣಿಯ ಹೆಸರು ಬರೆಯುತ್ತಿದ್ದ ರೀತಿಯಲ್ಲೇ ಬರೆದಿದ್ದ: ‘ವೊಬ್ಬೆ, ಹೊರಡುವುದು.’

ಬಾಗಿಲು ಹಾಕಿಕೊಂಡು ಮುಚ್ಚಳದ ಮೇಲೆ ಕೂತೆ. ಆ ಭಾನುವಾರ, ಕಿವಿಯಲ್ಲಿ ಪೆನ್ಸಿಲ್. ನಾನು ಪದಬಂಧವಾ ಎಂದು ರೇಗಿಸಿದ್ದು. ಮಂಗಳವಾರ ಡಾಕ್ಟರ ಮುಂದೆ ಅವನು ತೆರೆದ ಬಾಯಿ. ಐದನೇ ತಾರೀಖು ಅನ್ನಲು ತೆರೆದ ಬಾಯಿ. ನನ್ನ ಎಪ್ಪತ್ತು ತುಂಬುವುದನ್ನು ನೋಡಿ, ಕುರ್ಚಿಗಳ ನಡುವೆ ಆ ನೋವಿನಲ್ಲೇ ಕೂತು, ಬಂದವರಿಗೆಲ್ಲ ಹಲ್ಲು ಕಿರಿದು, ಮಾರನೆಯ ದಿನ ಹೊರಡುವುದು ಎಂದು ಅಂದುಕೊಂಡಿದ್ದ. ನಾನು ಗುರುವಾರ ಖಾಲಿ ಇದೆ ಅಂದೆ. ಇವಳಿಗೆ ಇನ್ನು ತಡೆಯಲು ಆಗುತ್ತಿಲ್ಲ ಅಂದುಕೊಂಡಿರಬೇಕು. ಅವನಿಗೆ ತಡೆಯಲು ಆಗುತ್ತಿಲ್ಲ ಎಂದು ನಾನು, ನನಗೆ ಆಗುತ್ತಿಲ್ಲ ಎಂದು ಅವನು. ಮಧ್ಯೆ ಏಳು ದಿನ ಕಾಲುವೆಗೆ ಬಿತ್ತು.

ಅಯ್ಯೋ ಮೂರ್ಖ, ಬಾಯಿ ಬಿಟ್ಟು ಹೇಳಬಾರದಾಗಿತ್ತೇ? ಹೇಳಿದ್ದರೆ ಡೈರಿಯನ್ನು ಒಲೆಗೆ ಹಾಕುತ್ತಿದ್ದೆನಲ್ಲ. ಸಿಟ್ಟಿಗೆ ಗೋಡೆಗೆ ಗುದ್ದಿದೆ. ಫ್ರೌಕ್ಯೆ ಹೊರಗಿನಿಂದ ಬಾಗಿಲು ತಟ್ಟಿದಳು, ಬಿಟ್ಟುಬಿಟ್ಟಳು. ಅತ್ತೆ, ಆ ಹನ್ನೆರಡು ತಿಂಗಳಲ್ಲಿ ಹಾಗೆ ಅತ್ತಿರಲಿಲ್ಲ. ಆದರೆ ಅಳುತ್ತ ಅಳುತ್ತ ನನಗೊಂದು ವಿಚಿತ್ರ ಸಂತೋಷ ಆಯಿತು, ಅದನ್ನೂ ಹೇಳಿಬಿಡುತ್ತೇನೆ. ಸಿದ್ಧನಾಗಿರಲಿಲ್ಲ ಅವನು. ಅವನಿಗೂ ಬೇಕಾಗಿತ್ತು. ನನ್ನ ಜತೆ ಏಳು ಕಾಫಿ, ಏಳು ರಾತ್ರಿ, ನನ್ನ ಕೈಯಿಂದ ಒಂದು ತುಂಡು ಹುಟ್ಟುಹಬ್ಬದ ಕೇಕು.

ದೋಣಿ ಬಾರದಿದ್ದರೆ ಪೆನ್ಸಿಲ್ ಗುರುತನ್ನು ಅಳಿಸದೆ ಮನೆಗೆ ಬಾರದವನು ಇದನ್ನು ಅಳಿಸಿರಲಿಲ್ಲ. ಆ ಗುರುವಾರ ಬೆಳಿಗ್ಗೆ ಅಕ್ಟೋಬರ್ ಹಾಳೆಯಲ್ಲಿ ಮಸಿಯಲ್ಲಿ ಬರೆದವನಿಗೆ ಮುಂದಿನ ಹಾಳೆ ಎತ್ತಿ ರಬ್ಬರ್ ಉಜ್ಜಲು ಕೈಯಲ್ಲಿ ತ್ರಾಣ ಇರಲಿಲ್ಲವೋ, ಇರಲಿ ಎಂದೇ ಬಿಟ್ಟನೋ, ನನಗೆ ಗೊತ್ತಿಲ್ಲ. ಇರಲಿ ಎಂದೇ ಬಿಟ್ಟ ಎಂದು ನಂಬುತ್ತೇನೆ. ಮೂರು ದಿನ ಕಳೆದರೆ ನಾನು ಹೇಗೂ ಹಾಳೆ ಮಗುಚುತ್ತೇನೆ, ನೋಡುತ್ತೇನೆ ಅಂದುಕೊಂಡಿರಬೇಕು. ಒಂದು ವರ್ಷ ಮಗುಚದೆ ಕೂರುತ್ತೇನೆ ಎಂದು ಪಾಪ ಅವನಿಗೇನು ಗೊತ್ತು.

ಹೊರಗೆ ಬಂದಾಗ ಫ್ರೌಕ್ಯೆ ಕಿಟಕಿ ಹತ್ತಿರ, ಮಂಚ ಇದ್ದ ಜಾಗದಲ್ಲಿ, ಮೂರು ಕುರ್ಚಿ ಸುತ್ತ ಹಾಕಿದ್ದಳು. ಮೂರು ತಟ್ಟೆಗೆ ಕೇಕು ಕೊಯ್ದಿದ್ದಳು. ನಾನು ಕೂತೆ. ಅವಳು ಎದ್ದು ನನ್ನ ಕೈ ಕುಲುಕಿ ಶುಭಾಶಯ ಅಂದಳು. ಆಮೇಲೆ ಖಾಲಿ ಕುರ್ಚಿಯ ಕಡೆ ತಿರುಗಿದಳು.

“ನಿನ್ನ ಹೆಂಡ್ತಿಗೋಸ್ಕರ ಶುಭಾಶಯ ಕಣೋ,” ಅಂದಳು, ತಮ್ಮನಿಗೆ.

ಅದಾಗಿ ಈಗ ಎರಡು ವರ್ಷ. ಆ ಪೆನ್ಸಿಲ್ ಗೆರೆಗೆ ಮಸಿ ಹಾಕಿಲ್ಲ, ಒರೆಸಿಯೂ ಇಲ್ಲ. ಕ್ಯಾಲೆಂಡರನ್ನು ಪ್ರತಿ ತಿಂಗಳೂ ಮಗುಚುತ್ತೇನೆ, ಯಾರ ಹುಟ್ಟುಹಬ್ಬವನ್ನೂ ಮರೆಯುವುದಿಲ್ಲ. ಅಕ್ಟೋಬರ್ ಇಪ್ಪತ್ತೊಂಬತ್ತು ಬಂದರೆ ಬೆಳಿಗ್ಗೆ ಎರಡು ಲೋಟ ಕಾಫಿ ಮಾಡುತ್ತೇನೆ. ದಿನಕ್ಕೊಂದರಂತೆ ಏಳು ದಿನ ಅವನಿಗೆ ಹೇಳದೆ ಉಳಿದದ್ದನ್ನು ಹೇಳುತ್ತೇನೆ. ಬಾಯ್ಲರ್ ವಿಷಯ ಎತ್ತುವುದಿಲ್ಲ. ಹೋಗಬೇಡ ಎಂದು ಮೊದಲನೆಯ ದಿನವೇ ಹೇಳಿಬಿಡುತ್ತೇನೆ. ಐದನೇ ತಾರೀಖು ಎರಡೂವರೆಗೆ, ಹೂಂ, ಹೋಗಿ ಬಾ ಅನ್ನುತ್ತೇನೆ.

ಮೊನ್ನೆ ಹಲ್ಲಿನ ಡಾಕ್ಟರ ಕಡೆಯ ಹುಡುಗಿ ಫೋನು ಮಾಡಿದ್ದಳು. ವರ್ಷದ ತಪಾಸಣೆಗೆ ದಿನ ಕೊಡಬೇಕು, ಅಕ್ಟೋಬರ್ ಮೂವತ್ತು ಆಗುತ್ತದಾ, ಇಲ್ಲವೇ ಮೂವತ್ತೊಂದು, ನವೆಂಬರ್ ಎರಡು ಎಂದಳು. ಅಭ್ಯಾಸದ ಮೇಲೆ ಡೈರಿ ತೆರೆದೆ. ಹೆಬ್ಬೆರಳು ಆ ಹಾಳೆಯ ಮೇಲೇ ನಿಂತಿತು. ಏಳು ದಿನದ ಚೌಕಗಳಿಗೂ ಅಡ್ಡಲಾಗಿ ಒಂದು ಉದ್ದ ಪೆನ್ಸಿಲ್ ಗೆರೆ ಎಳೆದಿತ್ತು, ನಾನೇ ಜನವರಿಯಲ್ಲಿ ಎಳೆದದ್ದು.

“ಆ ವಾರ ಖಾಲಿ ಇಲ್ಲಮ್ಮ,” ಅಂದೆ. “ನನ್ನ ಗಂಡ ಮನೇಲಿರ್ತಾನೆ.”